ಮೂರನೆಯ ಜಾಡಿ

ಕುಂಚ ಹಗುರ ಹಿಡಿ, ಹಿಲೋಲಾ. ಉಸಿರು ಕಟ್ಟಬೇಡ,
ಮೆಲ್ಲಗೆ ಬಿಡು; ಇವು ಅಕ್ಕಿನುಚ್ಚಿನಷ್ಟು,
ಕೆಮ್ಮಿದರೆ ಇಡೀ ಸಂತಾನ ನೆಲಕ್ಕೆ.
ಫರ್ಗಾನಾದ ಈ ಕೋಣೆಯಲ್ಲಿ ನನಗೆ ಹತ್ತೊಂಬತ್ತನೇ ಬೇಸಿಗೆ.
ಹತ್ತಿಗೆ ಕಾಯಿಕೊರಕ ಬೀಳುವ ಹೊತ್ತಿಗೆ
ಕಣಜಗಳನ್ನು ಹೆತ್ತು ಕೊಡುವುದು ನಮ್ಮ ಕಸುಬು.
(ಹೆರುವವಳು ನಾನಲ್ಲ, ಸರಿ. ಆದರೂ ಹಾಗೇ ಅನ್ನುತ್ತೇನೆ.)

ಜೇನು ಆ ನೀಲಿ ಹೂವಿನ ಬಟ್ಟಲಲ್ಲಿದೆ.
ಸೂಜಿಮೊನೆಯಷ್ಟು ಹಚ್ಚು, ಕಾಗದದ ಪಟ್ಟಿಗೆ. ಹೆಚ್ಚಾದರೆ
ಕಾಲು ಅಂಟಿ ಸಾಯುತ್ತವೆ, ಉಣ್ಣಲು ಬಂದವು ಊಟದಲ್ಲೇ.
ನನಗೂ ರೋಜಾ, ನಿನಗೂ. ಬೆರಳು ನೆಕ್ಕುವ ಚಾಳಿಯಿದ್ದರೆ
ಈ ತಿಂಗಳು ಮರೆತುಬಿಡು.

ಮೊದಲ ಜಾಡಿಗೆ ಬರೀ ನೀರು.
ಮೂರನೇ ದಿನ ತಳದಲ್ಲಿ ಕಸ ಕಂಡರೆ ಗುಡಿಸಬೇಡ,
ಎಣಿಸು.
ಎರಡನೆಯದಕ್ಕೆ ಜೇನು ಮಾತ್ರ. ಅಲ್ಲಿ ಮುದುಕಿಯರಿದ್ದಾರೆ,
ರೆಕ್ಕೆ ಹರಿದರೂ ಗಾಜು ಹತ್ತುವವರು.
ನೋಡಿ ಹಿಗ್ಗಬೇಡ: ಒಬ್ಬಳಿಗೂ ಮಕ್ಕಳಿಲ್ಲ.
ಮೂರನೆಯದಕ್ಕೆ ಜೇನೂ ಮೇಣದ ಹುಳುವೂ.
ಅಗೋ, ಕುಟುಕಿದಳು. ಹುಳು ಮಲಗಿತು, ಸತ್ತಿಲ್ಲ.
ಗಾಯಕ್ಕೆ ಬಾಯಿಟ್ಟು ಕುಡಿಯುವುದು ಕಾಣುತ್ತಾ?
ಜೇನು ಅವಳ ಆಯುಸ್ಸಿಗೆ. ಇದು ಮೊಟ್ಟೆಗೆ.
ತಾನುಂಡ ಹುಳುವಿನ ಪಕ್ಕೆಯಲ್ಲೇ ಮಕ್ಕಳನ್ನು ಮಲಗಿಸುತ್ತಾಳೆ.

ಕಣಜಕ್ಕೆ ಕಣಜ ಒಂದೇ:
ಮರಿಹುಳುವಾಗಿದ್ದಾಗ ತುಂಬಿಕೊಂಡ ಕೊಬ್ಬು.
ತೆಗೆಯಬಹುದು, ಮತ್ತೆ ತುಂಬಲಾಗದು.
ಜೇನೆಂದರೆ ಅದರ ಕದಕ್ಕೆ ಹಾಕಿದ ಅಗುಳಿ, ಅಷ್ಟೇ.

ಮೊದಲ ಜಾಡಿಯವರ ಹೊಟ್ಟೆಯ ಮೊಟ್ಟೆ ಏನಾಯಿತು ಅಂತೀಯಾ?
ಕರಗಿಸಿಕೊಂಡರು. ಒಳಗೊಳಗೇ ತಮ್ಮ ಮೊಟ್ಟೆಯನ್ನೇ ಉಂಡು
ಅರ್ಧ ದಿನ ಹೆಚ್ಚು ಬದುಕಿದರು.
ಸೂಕ್ಷ್ಮದರ್ಶಕದಲ್ಲಿ ಇದನ್ನು ಮೊದಲ ಸಲ ಕಂಡ ದಿನ
ದೀಪ ಆರಿಸಿ ಕೂತಿದ್ದೆ.
ನಮ್ಮಜ್ಜಿ ಒಯ್ಸುಲುವ್ ಹೇಳುತ್ತಿದ್ದಳು: ಯುದ್ಧದ ವರ್ಷ
ಗೋಧಿ ರೈಲು ಹತ್ತಿತು, ಗಂಡಸರೂ. ಉಳಿದದ್ದು ಹತ್ತಿಹಿಂಡಿ.
ಅದನ್ನೇ ತಟ್ಟಿ ತಂದೂರಿಗೆ ಬಡಿದರು.
ಎರಡು ಚಳಿಗಾಲ ಬೀದಿಯ ಯಾವ ಹೆಂಗಸೂ ಮುಟ್ಟಾಗಲಿಲ್ಲ.
“ಮೈಗೆ ಲೆಕ್ಕ ಗೊತ್ತಿತ್ತು” ಅನ್ನುವಳು,
ಆಮೇಲೆ ಚಹಾಕ್ಕೆ ಕಲ್ಲುಸಕ್ಕರೆಯ ಎರಡು ಹರಳು,
ವೈದ್ಯರು ಬೇಡವೆಂದ ಮೇಲೂ. ತೊಂಬತ್ತೊಂದು ತುಂಬಿಸಿದಳು.
ಇದರಿಂದ ಏನೂ ಸಾಬೀತಾಗದು. ಪುಸ್ತಕದಲ್ಲಿ ಬರೆಯಬೇಡ.

ಬರೆಯಬೇಕಾದ್ದು: ದಿನ, ಸತ್ತವು, ಇದ್ದವು, ಮೊಟ್ಟೆ.
ನಿನ್ನೆ ಅಧಿಕಾರಿ ಕೇಳಿದ, ಜೇನಿಗೆ ಇಷ್ಟು ಹಣವೇಕೆ?
ಸಕ್ಕರೆನೀರು ಸಾಲದೇ? ಸಾಲಬಹುದು.
ನಾಲ್ಕನೆಯ ಜಾಡಿ ಇಡುತ್ತೇನೆ, ಮೇಲೆ ಅವನ ಹೆಸರು ಅಂಟಿಸಿ.

ಹಿಪ್ಪುನೇರಳೆಯ ನೆರಳು ಆಚೆ ಗೋಡೆ ಮುಟ್ಟಿತು. ಇನ್ನು ಹತ್ತು ನಿಮಿಷ.
ಮುಚ್ಚಳ ಬಿಗಿ ಮಾಡು. ಖರ್ಜೂರ ನನ್ನ ಚೀಲದಲ್ಲಿದೆ,
ಎರಡೇ ಇರುವುದು.
ದೊಡ್ಡದು ನೀನು ತಿನ್ನು. ನಿನಗಿನ್ನೂ...
ಇರಲಿ. ಬಾಂಗು ಕೇಳಿಸಿತೇ?