ಗೆರಾಟಿಯವರ ಗಡಿಯಾರ

ಮುಂದೆ ಕಿರಾಣಿ: ಮೊಳೆ, ಚಹಾಪುಡಿ,
ಕುರಿಯ ಬೆನ್ನಿಗೆ ಬಳಿಯುವ ಕೆಂಪು.
ಒಂದು ಮೆಟ್ಟಿಲಿಳಿದರೆ ಕಪ್ಪು ಬಿಯರು, ಹೊಗೆ,
ಮೇಯೊ ಸೀಮೆಗೆಲ್ಲ ಹತ್ತು ನಿಮಿಷ ಮುಂದೆ
ಓಡುವ ಗಡಿಯಾರ.
ಪೊಲೀಸಿನವನು ಬರುವಷ್ಟರಲ್ಲಿ
ಗ್ಲಾಸು ಬರಿದಾಗಬೇಕಲ್ಲ!

ಬಾಗಿಲ ಪಕ್ಕಕ್ಕೊಂದು ಹಲಗೆಯ ಗೂಡು.
ಹೆಂಗಸರು ಅದರೊಳಗೆ ಕೂತು
ಅಂಗೈಯಗಲದ ಕಿಂಡಿಯಲ್ಲಿ ಕಾಸು ತೂರಿಸುತ್ತಿದ್ದರು.
ಡೆಲಿಯಾಗೆ ಕೈ ನೋಡಿಯೇ ಗುರುತು:
ಹಿಟ್ಟಿನ ಕೈ, ಮೀನಿನ ಕೈ,
ಉಂಗುರ ಅಡವಿಟ್ಟ ಕೈ.
ನನ್ನಜ್ಜಿಯದು ಯಾವುದೋ, ನಾನು ಕೇಳಲಿಲ್ಲ.

ಊರಿಗೆಲ್ಲ ತಣ್ಣನೆಯ ಜಾಗ ಇವರ ನೆಲಮಾಳಿಗೆ.
ಹಾಗಾಗಿ ಕಡಲಲ್ಲಿ ಮುಳುಗಿದವರನ್ನು
ಇಲ್ಲಿಗೇ ತರುವುದು,
ಪೀಪಾಯಿಗಳ ನಡುವೆ ಕಳಚಿದ ಕದದ ಮೇಲೆ
ಮಲಗಿಸುವುದು.
ಫೆಸ್ಟಸ್ ಲಾವೆಲ್ ಬಂದದ್ದೂ ಹಾಗೆಯೇ,
ಫೆಬ್ರುವರಿಯಲ್ಲಿ, ಒಂದು ಬೂಟಿಲ್ಲದೆ.

ಮೇಲೆ ಯಾರೂ ಏನೂ ಕೇಳಲಿಲ್ಲ, ಕುಡಿಯಲಿಲ್ಲ.
ಎಷ್ಟೋ ಹೊತ್ತಿಗೆ ಮುದುಕ ಟೈಗ್ ಕೆಮ್ಮಿ,
"ಅವನಿಗೂ ಒಂದು ಸುರಿ" ಎಂದ.
ಡೆಲಿಯಾ ಸುರಿದಳು, ನೊರೆ ಕೂರಲು ಬಿಟ್ಟಳು,
ಮತ್ತೆ ತುಂಬಿದಳು, ಕೆಳಗೆ ಒಯ್ದಿಟ್ಟು ಬಂದಳು.
ಆಮೇಲೆ ಉದ್ರಿ ಪುಸ್ತಕ ತೆಗೆದು
ಅವನ ಲೆಕ್ಕಕ್ಕೇ ಬರೆದಳು.

ಜೂನ್ ತಿಂಗಳಲ್ಲಿ ಅವನ ಹೆಂಡತಿ ಬಂದಳು,
ಕಿಂಡಿಗಲ್ಲ,
ಗಂಡಸರ ನಡುವೆ ಹಾದು ನೇರ ಕಟ್ಟೆಗೆ.
ಬಾಕಿ ತೀರಿಸಬೇಕು ಅಂದಳು.
ಪುಟ ಓದಿದಳು, ಕೊನೆಯ ಸಾಲಿಗೆ ಬೆರಳಿಟ್ಟಳು.
"ಇದನ್ನು ಯಾವಾಗ ಕುಡಿದ?"

ಡೆಲಿಯಾ ತಲೆಯೆತ್ತಿ ಗಡಿಯಾರ ನೋಡಿದಳು,
ಅದು ಹೇಳೀತು ಎಂಬಂತೆ.