ಎರಡನೇ ಬ್ರೇಕು

ಬಂಗಾರಪೇಟೆ ರಸ್ತೆಯ ನಮ್ಮ ಡ್ರೈವಿಂಗ್ ಸ್ಕೂಲಿನ
ತೊಂಬತ್ತೆಂಟರ ಮಾರುತಿ
ಒಂದು ವಾರದಿಂದ ಕಿರುಚುತ್ತಿತ್ತು.
ಕ್ಲಾಕ್ ಟವರ್ ಹತ್ತಿರ ನಿಲ್ಲಿಸಿದಾಗೆಲ್ಲ
ಹೂವು ಕಟ್ಟುವವರು ದಾರ ಬಿಟ್ಟು ತಲೆ ಎತ್ತುವಷ್ಟು.

ಪ್ಯಾರೇಜಾನಣ್ಣನಿಗೆ ಬಲಗೈ ಮುರಿದಿದೆ,
ಟೊಮೆಟೊ ಲಾರಿಯ ಹಲಗೆ ಬಿದ್ದು.
ಗ್ಯಾರೇಜಿನ ಹುಡುಗ ಮಾಲೂರಿಗೆ ಹೋದವನು ಬಂದಿಲ್ಲ.
"ನೀನೇ ಬಿಚ್ಚಮ್ಮ, ನಾನು ಹೇಳ್ತೀನಿ" ಅಂದು
ಕಬ್ಬಿಣದ ಕುರ್ಚಿ ಎಳೆದುಕೊಂಡು ಕೂತ,
ಹದಿನಾರು ವರ್ಷದಿಂದ ನಾನು ಕೂರುವ ಹಾಗೆ:
ಎಡಗಡೆ.

ಚಕ್ರ ಬಿಚ್ಚಿದೆ. ಜ್ಯಾಕಿನ ಮೇಲೆ ನಂಬಿಕೆ ಸಾಲದೆ
ಬಿಚ್ಚಿದ ಚಕ್ರವನ್ನೇ ಗಾಡಿಯಡಿ ತುರುಕಿದೆ.
ಮನೆಯಿಂದ ತಂದ ಇಡ್ಲಿ ತಟ್ಟೆಯಲ್ಲಿ ಗುಳಿಗೊಂದರಂತೆ
ಬೋಲ್ಟು, ಪಿನ್ನು, ಕ್ಲಿಪ್ಪು.
"ಕ್ಯಾಲಿಪರ್ ಪೈಪಿನ ಮೇಲೆ ಜೋತು ಬಿಡಬೇಡ, ಕರುಳು ಅದು."
ತಂತಿ ಸುತ್ತಿ ಸ್ಪ್ರಿಂಗಿಗೆ ಕಟ್ಟಿದೆ.

ಪ್ಯಾಡು ಅಂಗೈಗೆ ಬಂತು.
ಬಿಸ್ಕತ್ತಿನಷ್ಟೇ ಗಾತ್ರ, ಕಪ್ಪು, ಗಾಜಿನ ಹೊಳಪು.
ಇದರ ಮೇಲೆ ಎಷ್ಟು ಕಾಲುಗಳು!
ಕ್ಲಚ್ಚೆಂದು ತಿಳಿದು ಇದನ್ನೇ ಒತ್ತಿದ ಮಂಡಿ ಮುನಿಕೃಷ್ಣಪ್ಪ,
ಎಮ್ಮೆ ಕಂಡರೆ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ
ಗ್ರಂಥಾಲಯದ ಸುಗುಣಾಬಾಯಿ,
ಕೆರೆ ಏರಿಯ ಮೇಲೆ ಸ್ಟೇರಿಂಗ್ ಬಿಟ್ಟು
ಶಿಲುಬೆ ಗುರುತು ಮಾಡಿಕೊಂಡ ಸಿಸ್ಟರ್ ಬೆನಿಟಾ.
ಆಗ ಒತ್ತಿದ್ದು ನಾನು, ನನ್ನ ಕಡೆಯ ಪೆಡಲನ್ನು.
ಅವರು ಸವೆಸಿದ್ದೆಷ್ಟು, ನಾನು ಸವೆಸಿದ್ದೆಷ್ಟು,
ಪ್ಯಾಡು ಲೆಕ್ಕ ಇಟ್ಟಿಲ್ಲ.

"ಹೊಸದು ತರಲಾ?"
ಎಡಗೈ ಉಗುರಿನಿಂದ ಗೀರಿ ನೋಡಿದ.
"ಇನ್ನೂ ಮಾಂಸ ಇದೆ. ಮೊಗ ಮಾತ್ರ ಹೊಳೀತಾ ಇದೆ.
ಹೊಳೆಯೋದು ಹಿಡಿಯಲ್ಲ. ಉಜ್ಜು."

ಬಾಯಿಗೆ ಸೆರಗು ಕಟ್ಟಿ
ಚಪ್ಪಡಿಯ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದೆ,
ಬೀಸುಕಲ್ಲು ತಿರುಗಿಸಿದ ಹಾಗೆ ಸುತ್ತಿನ ಮೇಲೆ ಸುತ್ತು.
ಒಳಗಿನದು ಒಳಗೆ, ಹೊರಗಿನದು ಹೊರಗೆ,
ಸೀಮೆಸುಣ್ಣದ ಗುರುತು ನೋಡಿ ಕೂರಿಸಿದೆ.
ಪಿಸ್ಟನ್ನು ಹಿಂದೆ ಸರಿಯಲೊಲ್ಲದು.
ಸುತ್ತಿಗೆಗೆ ಕೈ ಹಾಕಿದೆ.
"ಏಯ್! ನಿದ್ದೆ ಬಂದ ಮಗೂನ ತೊಟ್ಟಿಲಿಗೆ ಹಾಕ್ದಂಗೆ, ನಿಧಾನ."
ಕ್ಲ್ಯಾಂಪು ಬಿಗಿದೆ. ಕಾಲು ಸುತ್ತು. ಇನ್ನೊಂದು ಕಾಲು ಸುತ್ತು.
ಬಾನೆಟ್ಟಿನಡಿಯ ಡಬ್ಬಿಯಲ್ಲಿ ಎಣ್ಣೆ ಒಂದು ಗೆರೆ ಏರಿತು.

ಇನ್ನೊಂದು ಕಡೆಗೆ ಇದರ ಅರ್ಧ ಹೊತ್ತು.
ಎಲ್ಲ ಬಿಗಿದು, ಚಕ್ರ ಹಾಕಿ, ಕೈ ಒರೆಸಿಕೊಂಡು
ಗೆದ್ದವಳಂತೆ ತಟ್ಟೆ ಎತ್ತಿದರೆ
ಕೊನೆಯ ಗುಳಿಯಲ್ಲಿ
ಒಂದು ಕ್ಲಿಪ್ಪು.

"ಯಾವುದೋ ಹಳೇದಿರಬೇಕು" ಅಂದೆ.
ಅವನು ಏನೂ ಅನ್ನಲಿಲ್ಲ.
ಕಲಿಯುವವರು ಸುಳ್ಳು ಹೇಳುವಾಗ ನಾನೂ ಹೀಗೇ
ಕಿಟಕಿಯಾಚೆ ಅಂತರಗಂಗೆ ಬೆಟ್ಟ ನೋಡುತ್ತೇನೆ.

ಮತ್ತೆ ಜ್ಯಾಕು. ಮತ್ತೆ ನಾಲ್ಕು ನಟ್ಟು.

ಕೊನೆಗೆ ಸೀಟಿಗೆ ಹತ್ತಿ ಪೆಡಲ್ ಒತ್ತಿದೆ:
ನೇರ ನೆಲ.
ಕತ್ತಲಲ್ಲಿ ಇಲ್ಲದ ಮೆಟ್ಟಿಲು ತುಳಿದ ಹಾಗೆ.
ಹದಿನಾರು ವರ್ಷದಲ್ಲಿ ಮೊದಲ ಸಲ ಎಡಕ್ಕೆ ತಿರುಗಿದೆ,
ಅಲ್ಲಿ ಯಾರಾದರೂ ಒತ್ತುತ್ತಾರೇನೋ ಅಂತ.
ಖಾಲಿ ಸೀಟು. ಹೊರಗೆ ಕುರ್ಚಿಯಲ್ಲಿ ಅವನ ನಗು:
"ನೀನೇ ತಾನೆ ಹಿಂದಕ್ಕೆ ತಳ್ಳಿದ್ದು?
ನಡ್ಕೊಂಡ್ ಬರಬೇಕಲ್ಲಮ್ಮ ಅದು. ಇನ್ನೊಂದ್ಸಲ."
ಎರಡು. ಮೂರು.
ನಾಲ್ಕನೆಯದಕ್ಕೆ ಕೆಳಗಿನಿಂದ ಯಾರೋ
ಪಾದಕ್ಕೆ ಪಾದ ಕೊಟ್ಟರು.

ಆರೂವರೆಗೆ ತಮಕದ ನರ್ಸು ಶಶಿರೇಖಾ.
ಏರಿ ಇಳಿಯುವಲ್ಲಿ ಮೇವಿನ ಹೊರೆಯ ಸೈಕಲ್ಲು ಅಡ್ಡ ಬಂತು,
ಗಾಡಿ ನಿಂತಿತು, ಒಂದು ಸೊಲ್ಲಿಲ್ಲದೆ.
"ನೀವೇ ಒತ್ತಿದ್ದಲ್ವಾ ಮೇಡಂ?"
ನನ್ನ ಕಾಲು ಇನ್ನೂ ಗಾಳಿಯಲ್ಲೇ ಇತ್ತು.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.
"ಇಂಡಿಕೇಟರ್ ಹಾಕು" ಅಂದೆ.