ಸಂದು

ಮೊದಲು ಬಂದದ್ದು ಮಾಪಿನ ಕೋಲಿನ ಸದ್ದು,
ಕೆಳಗಿನಿಂದ, ಮೂರು ಸಲ.
ಆಮೇಲೆ ಸೆವ್ರಿನ್ ಬಾಯಿ ತಾವೇ ಹತ್ತಿ ಬಂದರು
ಮೊಬೈಲಿನಲ್ಲಿ ಒಂದು ಕಲೆಯ ಫೋಟೊ ಹಿಡಿದುಕೊಂಡು.
"ನಿಮ್ಮ ನೀರು ನಮ್ಮಲ್ಲಿಗೆ ಬರ್ತಾ ಉಂಟು ಮಾರಾಯ್ರೆ,
ಸಾಬೂನಿನ ಪರಿಮಳ ಸಮೇತ."

ಜೆಪ್ಪುವಿನ ಈ ಕಟ್ಟಡದ ಲಿಫ್ಟಿನಲ್ಲಿ
ಹನ್ನೊಂದು ವರ್ಷ ಅಂಕೆಗಳನ್ನೇ ನೋಡುತ್ತ ನಿಂತವರು ನಾವು.
ನನ್ನ ನೆಲವೇ ಅವರ ಸೂರು ಎಂಬುದು
ಗೊತ್ತಿರಲಿಲ್ಲವೆಂದಲ್ಲ.

ಕಂಕನಾಡಿಯ ಆಸ್ಪತ್ರೆಯಲ್ಲಿ ನನ್ನದು ಎಕ್ಸ್‌ರೇ ಕೆಲಸ.
ದಿನಕ್ಕೆ ನಲವತ್ತು ಮೂಳೆ.
ಕೂದಲೆಳೆ ಬಿರುಕನ್ನು ಡಾಕ್ಟರಿಗಿಂತ ಮೊದಲು ಕಾಣುವ ಕಣ್ಣು
ಬಚ್ಚಲಲ್ಲಿ ಕಂಡಿರಲಿಲ್ಲ:
ನಲ್ಲಿಯ ಕೆಳಗೆ, ಎರಡು ಟೈಲ್ಸಿನ ನಡುವೆ
ಕಪ್ಪಾಗಿ, ಪುಡಿಪುಡಿಯಾಗಿ, ಇಲ್ಲವಾಗಿದ್ದ ಸಂದು.

ಕಿನ್ಯದಿಂದ ಎರಡು ಬಸ್ಸು ಬದಲಿಸಿ
ಉಮಾನಾಥ ಕುಲಾಲರು ಬಂದರು,
ಪೇಂಟಿನ ಹಳೆ ಬಕೆಟಿನಲ್ಲಿ ಸಾಮಾನು.
ಬೆರಳ ಗೆಣ್ಣಿನಲ್ಲಿ ಒಂದೊಂದನ್ನೂ ತಟ್ಟಿ ಕೇಳಿದರು
ಗಡಿಗೆ ಕೊಳ್ಳುವವರ ಹಾಗೆ.
"ಟೈಲ್ಸಿಗೆ ಎಂತದೂ ಆಗ್ಲಿಲ್ಲ ಅಕ್ಕ,
ಹೋಗುವುದು ಯಾವಾಗಲೂ ಸಂದೇ."

ಹ್ಯಾಕ್ಸಾ ಬ್ಲೇಡಿನ ಮುರುಕಿಗೆ ಬಟ್ಟೆ ಸುತ್ತಿ
ಗೀರಿದರು, ಗೀರಿದರು, ಇಡೀ ಬೆಳಿಗ್ಗೆ.
ಹಲ್ಲು ಜುಮ್ಮೆನ್ನುವ ಆ ಸದ್ದಿನಲ್ಲಿ
ಹೊರಗೆ ಬಂತು ಶಾಂಪೂ ಜಿಡ್ಡು, ಬೋರ್‌ವೆಲ್ಲಿನ ಉಪ್ಪು,
ಆಮೇಲೆ ಒಂದು ಮೂಗುತಿಯ ತಿರುಪು —
ಅದಕ್ಕಾಗಿ ಕೆಲಸದ ಗುಲಾಬಿಯನ್ನು
ಒಮ್ಮೆ ಕೇಳಿದ್ದೆ,
ಕೇಳಬಾರದ ದನಿಯಲ್ಲಿ.
ಮರುದಿನದಿಂದ ಅವಳು ಬರಲಿಲ್ಲ.

ಪುಡಿಗೆ ನೀರು ಬಿದ್ದ ಮೇಲೆ ತಡಮಾಡುವಂತಿಲ್ಲ.
ಇಡ್ಲಿಹಿಟ್ಟಿಗಿಂತ ಒಂದು ಚೂರು ಗಟ್ಟಿ ಹದ.
ಫೋನು ಬಡಿದುಕೊಂಡರೂ ಎತ್ತಲಿಲ್ಲ ಅವರು,
ರಬ್ಬರು ಹಲಗೆಯಲ್ಲಿ ಓರೆಯಾಗಿ ಒತ್ತಿ ಒತ್ತಿ ತುಂಬಿ
ಓರೆಯಾಗಿಯೇ ಒರೆಸಿದರು ಸ್ಪಂಜಿನಲ್ಲಿ.
ನೇರ ಎಳೆದರೆ ತುಂಬಿದ್ದೆಲ್ಲ ಎದ್ದು ಬರುತ್ತದಂತೆ.
ಮೂಲೆಗೆ ಮಾತ್ರ ಬೇರೆ, ಮೆತ್ತನೆಯ ಸಿಲಿಕೋನು:
"ಗೋಡೆಯೂ ಅಲುಗ್ತದೆ, ನೆಲವೂ ಅಲುಗ್ತದೆ,
ಅಲ್ಲಿ ಗಟ್ಟಿ ಹಾಕಿದರೆ ಒಡೀತದೆ."

ಕೈ ತೊಳೆದು ಹೇಳಿದರು: ಮೂರು ದಿನ
ಒಂದು ಹನಿ ಬೀಳಬಾರದು. ಒಣಗಿದ ಮೇಲೆ ಸೀಲರ್.
ಮೇ ತಿಂಗಳು. ಮಂಗಳೂರಿನ ಸೆಕೆ.
ಮೂರು ದಿನ!

"ಇಲ್ಲಿಗೇ ಬನ್ನಿ," ಎಂದರು ಸೆವ್ರಿನ್ ಬಾಯಿ,
"ನಿಮ್ಮ ನೀರು ಹೇಗೂ ಬರ್ತಿತ್ತಲ್ಲ,
ಈ ಸಲ ನೀವೂ ಬನ್ನಿ."

ಟವೆಲು ಹೆಗಲಿಗೆ ಹಾಕಿ ಹದಿನೆಂಟು ಮೆಟ್ಟಿಲು ಇಳಿದೆ.
ಅದೇ ಅಳತೆಯ ಬಚ್ಚಲು, ಅದೇ ಕಡೆಗೆ ನಲ್ಲಿ,
ಬೇರೆ ಬಣ್ಣದ ಮಗ್.
ಮೈಗೆ ಹೊಯ್ದುಕೊಂಡು ತಲೆ ಎತ್ತಿದರೆ
ಮೇಲೆ ನಾನು:
ಕಂದು ಅಂಚು, ಒಳಗೊಳಗೆ ಹಳದಿ,
ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಯಾರದೋ ಎದೆಗೂಡಿನಂತೆ.
ಅದರ ಸುತ್ತ ಪೆನ್ಸಿಲಿನ ಗೆರೆ, ತಾರೀಕು,
ಕುಲಾಲರ ಅಕ್ಷರ.
ಗೆರೆ ದಾಟಿದರೆ ಫೋನ್ ಮಾಡಬೇಕು.

ನಾಲ್ಕನೆಯ ದಿನ ಸಣ್ಣ ಬ್ರಶ್ಶಿನಲ್ಲಿ
ಸಂದಿನುದ್ದಕ್ಕೂ ಸೀಲರ್ ಸವರಿ, ಹೆಚ್ಚಾದದ್ದು ಒರೆಸಿ,
ಒಣಗುವವರೆಗೆ ಚಾ ಕುಡಿದು,
ನೀರು ಚಿಮುಕಿಸಿ ತೋರಿಸಿದರು.
ಕೆಸುವಿನೆಲೆಯ ಮೇಲಿನ ಹಾಗೆ
ಉಂಡೆಯಾಗಿ, ಒಳಗೆ ಇಳಿಯದೆ, ಉರುಳಿಹೋಯಿತು.

ಮಳೆಗಾಲ ಬಂದು ಅರ್ಧವಾಯಿತು. ಗೆರೆ ದಾಟಿಲ್ಲ.
ಆದರೂ ಭಾನುವಾರ ಇಳಿಯುತ್ತೇನೆ.
ಪೂಜೆ ಮುಗಿಸಿ ಬಂದ ಸೀರೆಯಲ್ಲೇ ಅವರು ಸ್ಟೂಲು ಹಿಡಿಯುತ್ತಾರೆ,
ನಾನು ಹತ್ತಿ ಅಂಗೈ ಇಟ್ಟು ನೋಡುತ್ತೇನೆ.
"ಪೇಂಟ್ ಮಾಡಿಸುವುದಾ?"
"ಇನ್ನೊಂದು ಮಳೆಗಾಲ ನೋಡುವ."

ತಿರುಪು ಬೆಂಕಿಪೊಟ್ಟಣದಲ್ಲಿ ಉಂಟು.
ಗುಲಾಬಿಯ ಮನೆ ಬಜಾಲಿನ ಕಡೆ ಎಲ್ಲೋ ಎಂದು
ವಾಚ್‌ಮನ್ ಹೇಳಿದ.
ಬಜಾಲು ದೂರವೇನಲ್ಲ.